ಕಪ್ಪೆಯ ಚರ್ಮದಿಂದ ಎಚ್‌ಐವಿಗೆ ಔಷಧ ಸಾಧ್ಯವೇ?

ಪ್ರಶ್ನೆ: ಕಪ್ಪೆಯ ಚರ್ಮದಲ್ಲಿಯೂ ಜೇನುನೊಣದ ವಿಷದಲ್ಲಿಯೂ ಎಚ್‌ಐವಿಯನ್ನು ನಾಶಮಾಡುವ ಪೆಪ್ಟೈಡ್‌ಗಳಿವೆ ಎಂದು ಓದಿದೆ. ಅವು ಇನ್ನೂ ಔಷಧವಾಗಿ ಬಾರದಿರುವುದೇಕೆ? ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ಬಿಟ್ಟು ಇವನ್ನೇ ಬಳಸುವ ದಿನ ಹತ್ತಿರವಿದೆಯೇ?

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಕಥೆ. ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಕಿರು ಸರಪಳಿ, ಪ್ರೋಟೀನಿನ ಪುಟ್ಟ ರೂಪ. ಶಸ್ತ್ರಕ್ರಿಯೆಗೊಳಗಾದ ಆಫ್ರಿಕಾದ ಕಪ್ಪೆಗಳನ್ನು ಶುದ್ಧವಲ್ಲದ ನೀರಿಗೆ ಬಿಟ್ಟರೂ ಗಾಯ ಕೀವಾಗದೆ ಮಾಯುವುದನ್ನು ಗಮನಿಸಿದ ಅಮೆರಿಕದ ಮೈಕೆಲ್ ಝಾಸ್ಲಾಫ್, 1987ರಲ್ಲಿ ಅವುಗಳ ಚರ್ಮದಿಂದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಮ್ಯಾಗೈನಿನ್ ಪೆಪ್ಟೈಡ್‌ಗಳನ್ನು ಬೇರ್ಪಡಿಸಿದ ವಿಷಯ ಪ್ರಕಟಿಸಿದರು. ಮುಂದೆ 2005ರಲ್ಲಿ, ಆಸ್ಟ್ರೇಲಿಯಾದ ಮರಗಪ್ಪೆಗಳ ಕೇರಿನ್ ಎಂಬ ಪೆಪ್ಟೈಡ್ ಎಚ್‌ಐವಿಯ ಹೊರಪೊರೆಯನ್ನೇ ಒಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂತು.

ತೊಡಕಿರುವುದೂ ಅಲ್ಲಿಯೇ. ಬ್ಯಾಕ್ಟೀರಿಯಾದ ಪೊರೆ ನಮ್ಮ ಜೀವಕೋಶಗಳ ಪೊರೆಗಿಂತ ಹೆಚ್ಚು ಋಣ ವಿದ್ಯುದಂಶವುಳ್ಳದ್ದಾದ್ದರಿಂದ, ಧನ ವಿದ್ಯುದಂಶದ ಈ ಪೆಪ್ಟೈಡ್‌ಗಳು ಅದನ್ನು ಗುರುತಿಸಿ ಅಂಟಿಕೊಳ್ಳುತ್ತವೆ. ಎಚ್‌ಐವಿಯಾದರೋ ಸೋಂಕಿತ ಕೋಶದಿಂದ ಹೊರಬೀಳುವಾಗ ಆ ಕೋಶದ ಪೊರೆಯನ್ನೇ ಹೊದ್ದುಕೊಂಡು ಬರುತ್ತದೆ. ಅದನ್ನು ಹರಿಯಬಲ್ಲ ಪೆಪ್ಟೈಡ್ ನಮ್ಮ ಕೋಶಗಳನ್ನೂ ಹರಿಯಬಹುದು. ಜೇನುವಿಷದ ಮೆಲಿಟಿನ್ ಕೆಂಪು ರಕ್ತಕಣಗಳನ್ನು ಒಡೆಯುವುದಕ್ಕೇ ಹೆಸರಾದದ್ದು. ಆದುದರಿಂದ ವೈರಸ್ಸನ್ನು ತಡೆಯುವ ಪ್ರಮಾಣಕ್ಕೂ ನಮ್ಮ ಕೋಶಗಳಿಗೆ ಹಾನಿಯಾಗುವ ಪ್ರಮಾಣಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನೇ ಸಂಶೋಧಕರು ಮೊದಲು ನೋಡುತ್ತಾರೆ. ನಿಸರ್ಗದತ್ತ ಪೆಪ್ಟೈಡನ್ನು ಕೇವಲ ಅಚ್ಚಾಗಿ ಇಟ್ಟುಕೊಂಡು, ಅಮೈನೊ ಆಮ್ಲಗಳನ್ನು ಬದಲಿಸುತ್ತ ಆ ಅಂತರವನ್ನು ಹಿಗ್ಗಿಸಲು ಯತ್ನಿಸುತ್ತಾರೆ.

ಈ ದಾರಿಯಲ್ಲಿ ಬಹುದೂರ ಸಾಗಿದ್ದು, ನನ್ನ ದೃಷ್ಟಿಯಲ್ಲಿ, ಕುದುರೆಲಾಳದ ಏಡಿಯ ಪಾಲಿಫೆಮುಸಿನ್. ಅದರ 18 ಅಮೈನೊ ಆಮ್ಲಗಳಲ್ಲಿ ಮೂರನ್ನು ಬದಲಿಸಿ ಜಪಾನಿನ ವಿಜ್ಞಾನಿಗಳು ಟಿ22 ಎಂಬುದನ್ನು ರೂಪಿಸಿದರು. ಅದು ಪೊರೆಯನ್ನು ಒಡೆಯುವುದರ ಬದಲು, ಕೆಲವು ಬಗೆಯ ಎಚ್‌ಐವಿ ಕೋಶದೊಳಗೆ ನುಗ್ಗಲು ಬಳಸುವ ಕೋಶದ ಮೇಲಿನ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕವನ್ನು (ರಿಸೆಪ್ಟರ್) ತಾನೇ ಆಕ್ರಮಿಸಿಕೊಳ್ಳುತ್ತದೆ. ಅದೇ ವಂಶದ ಮೊಟಿಕ್ಸಾಫೋರ್ಟೈಡ್‌ಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಆದರೆ ಎಚ್‌ಐವಿಗಲ್ಲ, ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ರೋಗಿಗಳ ಅಸ್ಥಿಮಜ್ಜೆಯಿಂದ ಆಕರಕೋಶಗಳನ್ನು (ಸ್ಟೆಮ್ ಸೆಲ್) ರಕ್ತಕ್ಕೆ ಇಳಿಸುವುದಕ್ಕೆ!

ಪೆಪ್ಟೈಡ್‌ಗಳನ್ನು ನುಂಗಿದರೆ ಸಾಮಾನ್ಯವಾಗಿ ಅವು ಜೀರ್ಣವಾಗಿಬಿಡುತ್ತವೆ. ವೈರಸ್ಸಿನ ಪ್ರೋಟೀನನ್ನೇ ಆಧರಿಸಿ ತಯಾರಿಸಿದ, 2003ರಲ್ಲಿ ಅನುಮತಿ ಪಡೆದ ಎನ್‌ಫುವಿರ್ಟೈಡ್ ಎಂಬ ಪೆಪ್ಟೈಡ್ ಔಷಧವನ್ನು ದಿನಕ್ಕೆರಡು ಬಾರಿ ಚುಚ್ಚಿಕೊಳ್ಳಬೇಕಾಗಿತ್ತು. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಉಚಿತವಾಗಿ ದೊರೆಯುತ್ತಿರುವ ಎಆರ್‌ಟಿ ಈಗ ಬಹುತೇಕರಿಗೆ ದಿನಕ್ಕೊಂದು ಮಾತ್ರೆಯಷ್ಟೇ ಆಗಿರುವಾಗ, ಅದನ್ನು ಬಿಡುವ ಯೋಚನೆ ಬೇಡವೇ ಬೇಡ.

ಪ್ರಶ್ನೆ: ಇಂತಹ ಪೆಪ್ಟೈಡ್ ಮನುಷ್ಯನ ದೇಹದಲ್ಲಿಲ್ಲವೇ?

ಉತ್ತರ: ಇವೆ, ಎಲ್‌ಎಲ್-37 ಅವುಗಳಲ್ಲೊಂದು. ಅದಕ್ಕಿಂತ ಸ್ವಾರಸ್ಯಕರವಾದದ್ದು ನಾವು ಕಳೆದುಕೊಂಡ ರೆಟ್ರೋಸೈಕ್ಲಿನ್. ರೀಸಸ್ ಕೋತಿಗಳ ದೇಹ ಈ ಜಾತಿಯ ಉಂಗುರಾಕಾರದ ಪೆಪ್ಟೈಡ್‌ಗಳನ್ನು ಇಂದಿಗೂ ತಯಾರಿಸುತ್ತದೆ. ನಮ್ಮಲ್ಲಿ ಜೀನ್ ಉಳಿದಿದ್ದರೂ, ನಡುವೆ ಅಕಾಲಿಕವಾಗಿ ‘ನಿಲ್ಲು’ ಸಂಕೇತವೊಂದು ಸೇರಿಕೊಂಡು ಪೆಪ್ಟೈಡ್ ರೂಪುಗೊಳ್ಳುವುದಿಲ್ಲ. ಆ ಜೀನಿನ ಬರಹವನ್ನೇ ಓದಿ 2002ರಲ್ಲಿ ಸಂಶ್ಲೇಷಿಸಿದ ರೆಟ್ರೋಸೈಕ್ಲಿನ್, ಎಚ್‌ಐವಿ ಕೋಶಗಳಿಗೆ ಸೋಂಕು ತಗುಲಿಸುವುದನ್ನು ತಡೆಯಿತು. ‘ನಿಲ್ಲು’ ಸಂಕೇತವನ್ನು ದಾಟಿಸಬಲ್ಲ ಅಮೈನೊಗ್ಲೈಕೊಸೈಡ್ ಪ್ರತಿಜೈವಿಕಗಳನ್ನು ಬಳಸಿ, ಮಾನವ ಕೋಶಗಳೇ ಅದನ್ನು ಮತ್ತೆ ತಯಾರಿಸುವಂತೆ ಮಾಡಬಹುದೆಂದು 2009ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಯಿತು.