ಸಿಟ್ಟು ಬಂದರೆ ಕಲ್ಲು ಹಾರುತ್ತದೆ, ಆಮೇಲೆ?

ಪ್ರಶ್ನೆ: ಮಾಸ್ತರರಿಗೆ ನಮಸ್ಕಾರ. ನಾನು ಒಂಬತ್ತನೇ ಕ್ಲಾಸು. ಒಂದು ಮಾಯಾಕಥೆ ಬರೀತಿದ್ದೇನೆ. ನಾಯಕಿಗೆ 13 ವರ್ಷ. ಸಿಟ್ಟು ಬಂದರೆ ಸುತ್ತಲಿನ ಸಾಮಾನೆಲ್ಲ ಹಾರಾಡುತ್ತವೆ, ತಡೆಯಲು ಅವಳಿಗೇ ಬರುವುದಿಲ್ಲ. ಹಿಮ ಬೀಳುವ ಊರಿನ ಕೋಟೆಯಲ್ಲಿ ಕಥೆ ನಡೆಯುತ್ತದೆ. ನಮ್ಮಣ್ಣ ಓದಿ, ‘ಆಕಿಗೆ ಎಲ್ಲಾ ಮಾಡಾಕ ಬರ್ತೈತಲ್ಲ, ಮತ್ತ ಕಥಿ ಯಾಕ ಬೇಕು?’ ಅಂದ. ಕೊನೆಗೆ ಒಬ್ಬ ಮುನಿ ಬಂದು ಅವಳ ಶಕ್ತಿ ತೆಗೆದುಬಿಟ್ಟರೆ ಸರಿಹೋಗುತ್ತದಾ?
— ಗಂಗಾವತಿಯ ವಿದ್ಯಾರ್ಥಿನಿ

ಉತ್ತರ: ತಂಗಿ, ನಿಮ್ಮಣ್ಣನ ಪ್ರಶ್ನೆ ಚಲೋ ಐತಿ, ಆದರೆ ಅವನು ಕಥೆಯನ್ನು ಅವಸರದಲ್ಲಿ ಓದಿದ್ದಾನೆ. ಎಲ್ಲ ಮಾಡಲು ಬರುವವಳು ಬೇರೆ, ತನ್ನಿಂದ ಏನಾದೀತೋ ಎಂದು ತಾನೇ ಹೆದರುವವಳು ಬೇರೆ.

ಇಂಥ ಕಥೆಯ ಹಿರಿಯಣ್ಣ ನಿಮ್ಮೂರ ಪಕ್ಕದಲ್ಲೇ ಇದ್ದಾನೆ. ಆನೆಗೊಂದಿ ಹತ್ತಿರದ ಅಂಜನಾದ್ರಿಯೇ ಹನುಮ ಹುಟ್ಟಿದ ಬೆಟ್ಟ ಎಂದು ನಮ್ಮ ಕಡೆ ನಂಬಿಕೆ. ನೀನೂ ಆ ಮೆಟ್ಟಿಲು ಹತ್ತಿರುತ್ತೀ. ಸೂರ್ಯನನ್ನು ಹಣ್ಣೆಂದುಕೊಂಡು ಹಾರಿದ, ಇಂದ್ರನ ವಜ್ರದ ಏಟಿಗೆ ದವಡೆ ಮುರಿಯಿತು, ಇಲ್ಲಿಗೇ ಎಲ್ಲರೂ ನಿಲ್ಲಿಸುತ್ತಾರೆ. ಉತ್ತರಕಾಂಡದಲ್ಲಿ ಮುಂದಿನದೂ ಇದೆ. ದೇವತೆಗಳಿಂದ ವರ ಸಿಕ್ಕ ಹುಡುಗ ಋಷಿಗಳ ಆಶ್ರಮಕ್ಕೆ ನುಗ್ಗಿ ಯಜ್ಞದ ಸಾಮಾನು ಮುರಿದ, ನಾರುಬಟ್ಟೆ ಹರಿದ. ಅಪ್ಪ ಬೈದರೂ ಕೇಳಲಿಲ್ಲ. ನಾನು ಶಾಲೆಯಲ್ಲಿ ಈ ಭಾಗ ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಋಷಿಗಳು ಆ ಶಕ್ತಿಯನ್ನು ಕಿತ್ತುಕೊಂಡರೇ? ಇಲ್ಲ. ಯಾರಾದರೂ ನೆನಪು ಮಾಡಿಕೊಡುವ ತನಕ ನಿನ್ನ ಬಲ ನಿನಗೇ ತಿಳಿಯದಿರಲಿ ಎಂದರು. ಕಡಲ ದಂಡೆಯಲ್ಲಿ ಜಾಂಬವಂತ ನೆನಪಿಸಿದ, ಹನುಮ ಲಂಕೆಗೆ ಹಾರಿದ. ನಿನ್ನ ಮುನಿಯನ್ನು ಕಥೆಯಿಂದ ಕಳಿಸಿಬಿಡು. ಅವನ ಜಾಗಕ್ಕೆ ಜಾಂಬವಂತನಂಥ ಒಬ್ಬ ಮುದುಕಿಯನ್ನು ತಾ. ಉಪದೇಶ ಬೇಡ, ಸರಿಯಾದ ಹೊತ್ತಿಗೆ ಅವಳು ಒಂದು ಮಾತು ಆಡಿದರೆ ಸಾಕು.

ಇನ್ನೊಂದು, ಯಾವ ಸಿಟ್ಟಿಗೆ ಸಾಮಾನು ಹಾರುತ್ತವೆ ಎಂದು ಗಟ್ಟಿ ಮಾಡಿಕೋ. ಎಲ್ಲ ಸಿಟ್ಟಿಗೂ ಹಾರಿದರೆ ಓದುವವರಿಗೆ ಬೇಸರ. ಅವಮಾನವಾಗಿ, ತಿರುಗಿ ಮಾತಾಡಲಾರದೆ ಬಾಯಿ ಕಟ್ಟಿದಾಗ ಮಾತ್ರ ಹಾರಲಿ. ಆಗ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ತರರು ಅವಳ ಹೆಸರು ಕೂಗಿದರೂ ಸಾಕು, ನಮಗೆ ಎದೆ ಡವಡವ.

ಹಿಮದ ಕೋಟೆಯೂ ಬೇಡ. ನೀನು ನೋಡದ ಹಿಮ ಪುಟದ ಮೇಲೆ ಬರೀ ಬೆಳ್ಳಗಿರುತ್ತದೆ. ಸಾಣಾಪುರದ ದಾರಿಯಲ್ಲಿ ಗುಂಡುಗಲ್ಲುಗಳು ಒಂದರ ಮೇಲೊಂದು, ಈಗ ಬಿದ್ದಾವು ಎನ್ನುವಂತೆ ಕೂತಿವೆಯಲ್ಲ, ಹುಡುಗಿಗೆ ಅಲ್ಲಿ ಸಿಟ್ಟು ಬರಲಿ. ಒಂದು ಕಲ್ಲು ಉರುಳಿ, ಆಗಷ್ಟೇ ನಾಟಿ ಮಾಡಿದ ಭತ್ತದ ಗದ್ದೆಯಲ್ಲಿ ಕೂರಲಿ. ಆ ಗದ್ದೆ ಅವಳ ಜೀವದ ಗೆಳತಿಯ ಮನೆಯವರದು. ಸಂಜೆ ಮನೆಗೆ ಹೋಗಿ ಏನು ಹೇಳುತ್ತಾಳೆ? ಮರುದಿನ ಆ ಗೆಳತಿಯ ಪಕ್ಕ ಹೇಗೆ ಕೂರುತ್ತಾಳೆ? ಕೈಮುಗಿಯುತ್ತೇನೆ, ಮಾಯೆಯಿಂದಲೇ ಆ ಕಲ್ಲನ್ನು ಮತ್ತೆ ಎತ್ತಿಸಬೇಡ. ಅವಳು ಕೆಸರಿಗಿಳಿದು, ಸೊಂಟ ನೋಯುವವರೆಗೆ ಸಸಿ ನೆಡಲಿ.

ಹತೋಟಿ ಕಲಿಯುವ ಭಾಗವೇ ಕಷ್ಟದ್ದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 33 ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ನಿಮ್ಮ ಮನೆಯಲ್ಲೂ ಅದೇ ಮಾತು ನಡೆದಿರಬೇಕು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ನಿನ್ನ ಹುಡುಗಿಯೂ ಹಲ್ಲು ಕಚ್ಚಿ ತಡೆದಷ್ಟು ಒಂದೇ ಕಡೆ ಒಡೆಯುತ್ತಾಳೆ. ಅವಳಿಗೆ ಬೇರೆ ಗೇಟು ಹುಡುಕಿಕೊಡು: ಅಣ್ಣನ ಜೊತೆ ಒಂದು ಜಗಳ, ಗೆಳತಿಯ ಮುಂದೆ ಒಂದು ಅಳು. ಕಲ್ಲು ಹಾರುವುದು ಪೂರ್ತಿ ನಿಲ್ಲುವುದು ಬೇಡ. ಒಂದು ದಿನ, ಕಲ್ಲು ಮೇಲೇಳುವ ಮುಂಚೆಯೇ ಅದು ಅವಳಿಗೆ ಗೊತ್ತಾಗಲಿ, ‘ದೂರ ಸರೀರಿ’ ಎಂದು ಕೂಗುವಷ್ಟು ಹೊತ್ತು ಸಿಗಲಿ. ನಾನಾದರೆ ಕಥೆಯನ್ನು ಅಲ್ಲಿಗೆ ಮುಗಿಸುತ್ತೇನೆ.

ಪ್ರಶ್ನೆ: ಮಗ ದಿನವಿಡೀ ಮಾಯೆ-ಮಂತ್ರದ ಕಥೆ ಓದುತ್ತಾನೆ. ಮೂಢನಂಬಿಕೆ ಬೆಳೆಯುವುದಿಲ್ಲವೆ?
— ಸಿಂಧನೂರಿನ ತಂದೆ

ಉತ್ತರ: ಇದು ಕಟ್ಟುಕಥೆ ಎಂದು ಒಪ್ಪಿಕೊಂಡೇ ಮಗು ಮೊದಲ ಪುಟ ತೆರೆಯುತ್ತದೆ. ನಿಂಬೆಹಣ್ಣು ಮಂತ್ರಿಸಿ ದುಡ್ಡು ಕೀಳುವವನು ಹಾಗೆ ಹೇಳಿ ಕೀಳುವುದಿಲ್ಲ. ನಮ್ಮ ರಾಜ್ಯ 2017ರಲ್ಲಿ ವಾಮಾಚಾರದ ವಿರುದ್ಧ ಕಾಯ್ದೆ ಮಾಡಿದ್ದು ಜನರನ್ನು ಹೆದರಿಸಿ ಹಿಂಸಿಸುವವರಿಗಾಗಿ, ಕಥೆಗಾರರನ್ನು ಅದು ಮುಟ್ಟುವುದಿಲ್ಲ. ಮಗ ಓದುವ ಪುಸ್ತಕದ ಒಂದು ಅಧ್ಯಾಯವನ್ನು ನೀವೂ ಓದಿ. ಹಿಡಿಸದಿದ್ದರೆ ನನಗೆ ಬೈದು ಬರೆಯಿರಿ, ಅದನ್ನೂ ಅಚ್ಚು ಹಾಕಿಸೋಣ.

ಪ್ರಶ್ನೆ: ನನ್ನ ಹೀರೋಗೆ ಏಳು ಶಕ್ತಿ ಕೊಟ್ಟಿದ್ದೇನೆ. ಸಾಕಾ ಸರ್?
— ಆರನೇ ತರಗತಿ, ಬಳ್ಳಾರಿ

ಉತ್ತರ: ಆರನ್ನು ವಿಲನ್‌ಗೆ ಕೊಟ್ಟುಬಿಡು. ಉಳಿದದ್ದು ಗಣಿತ ಪರೀಕ್ಷೆಯ ದಿನ ಕೈಕೊಡಲಿ.