ಕ್ಯೂರಿಂಗ್ ವರ್ಕ್ಸ್‌ನ ಕಾಫಿ ದೇಶದ ಲೆಕ್ಕಕ್ಕೆ ಎಷ್ಟು ಸೇರುತ್ತದೆ?

ಪ್ರಶ್ನೆ: ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಂದ (ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಗಳು) ಲಾರಿಗಟ್ಟಲೆ ಕಾಫಿ ಮಂಗಳೂರು ಬಂದರಿಗೆ ಹೋಗುತ್ತದೆ. ಕಾಫಿ ರೇಟು ಏರಿದ ವರ್ಷ ದೇಶದ ಕೈಗಾರಿಕಾ ಉತ್ಪಾದನೆಯೂ ಅಷ್ಟೇ ಏರಿತು ಅಂತ ತಿಳಿಯಬಹುದಾ?
– ಮೂಡಿಗೆರೆಯ ಬೆಳೆಗಾರರೊಬ್ಬರು

ಉತ್ತರ: ಇಲ್ಲ. ಲಾರಿಯಲ್ಲಿರುವ ಕಾಫಿಯ ಬೆಲೆ ಬೇರೆ, ಕ್ಯೂರಿಂಗ್ ವರ್ಕ್ಸ್ ಅದಕ್ಕೆ ಸೇರಿಸಿದ ಬೆಲೆ ಬೇರೆ. ರಾಷ್ಟ್ರೀಯ ಲೆಕ್ಕದಲ್ಲಿ ಕೈಗಾರಿಕೆಯ ಹೆಸರಿಗೆ ಬರುವುದು ಎರಡನೆಯದು ಮಾತ್ರ.

ನಾನು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ 26 ವರ್ಷ ಲೆಕ್ಕ ಬರೆದವನು. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ಫಾರಂ ಬಂದಾಗಲೆಲ್ಲ ತುಂಬಿಕೊಡುವ ಕೆಲಸ ನನ್ನದೇ ಆಗಿತ್ತು. ಆ ಫಾರಂ ನಡೆಯುವ ರೀತಿಯಲ್ಲೇ ಹೇಳುತ್ತೇನೆ. 50 ಕೆಜಿಯ ಒಂದು ಮೂಟೆ ಪಾರ್ಚ್‌ಮೆಂಟ್ ತಗೊಳ್ಳಿ. ಪಾರ್ಚ್‌ಮೆಂಟ್ ಅಂದರೆ ತಿರುಳು ತೆಗೆದು ಒಣಗಿಸಿದ, ಇನ್ನೂ ಒಳಸಿಪ್ಪೆ ಬಿಡಿಸದ ಬೀಜ. ಸಿಪ್ಪೆ ಬಿಡಿಸಿದರೆ ಸುಮಾರು 40 ಕೆಜಿ ಬೀಜ ಸಿಗುತ್ತದೆ. ಸುಮ್ನೆ ಲೆಕ್ಕಕ್ಕೆ ಅಂತ, ಮೂಟೆಯನ್ನು 20,000 ರೂಪಾಯಿಗೆ ಕೊಂಡು, ಬೀಜವನ್ನು 21,000ಕ್ಕೆ ಮಾರಿದೆವು ಅನ್ನೋಣ. ಕರೆಂಟು, ಗೋಣಿಚೀಲ, ಮಷಿನ್ ರಿಪೇರಿಗೆ 300 ಹೋಯಿತು. ಉಳಿದ 700 ರೂಪಾಯಿಯೇ ನಮ್ಮ ಕೊಡುಗೆ. ಇದಕ್ಕೆ ಒಟ್ಟು ಮೌಲ್ಯವರ್ಧನೆ ಅಂತ ಹೆಸರು. ಮಿಕ್ಕ 20,000 ನಿಮ್ಮ ತೋಟದ ಬೆವರು. ಅದು ಕೃಷಿಯ ಲೆಕ್ಕದಲ್ಲಿ ಆಗಲೇ ಬಂದಿರುತ್ತದೆ. ನಾವೂ ಸೇರಿಸಿಬಿಟ್ಟರೆ ಒಂದೇ ಕಾಫಿಯನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ, ಅಲ್ವಾ? ಇನ್ನು ಕಾಫಿ ನಿಮ್ಮದೇ ಆಗಿದ್ದು, ನಾವು ಬರೀ ಕ್ಯೂರಿಂಗ್ ಚಾರ್ಜ್ ತಗೊಂಡು ಮಾಡಿಕೊಟ್ಟರೆ, ನಮ್ಮ ಉತ್ಪಾದನೆ ಅಂದರೆ ಆ ಚಾರ್ಜ್ ಅಷ್ಟೇ.

ಕೂಲಿಯ ವಿಷಯದಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ಮಾಲೀಕನಿಗೆ ಕೂಲಿ ಖರ್ಚು. ದೇಶದ ಲೆಕ್ಕದಲ್ಲಿ ಅದನ್ನು ಕಳೆಯುವುದಿಲ್ಲ. ಆ 700ರ ಒಳಗೇ ಕೂಲಿ, ಬಡ್ಡಿ, ಲಾಭ, ಯಂತ್ರದ ಸವಕಳಿ ಎಲ್ಲವೂ ಇವೆ. ನಮ್ಮಲ್ಲಿ ಗಾರ್ಬ್ಲಿಂಗ್ ಹೆಂಗಸರು ಸಾಲಾಗಿ ಕೂತು ಬೀಜ ಹರಡಿಕೊಂಡು ಕಪ್ಪಾದದ್ದು, ಒಡಕು, ಹುಳ ಹೊಡೆದದ್ದು ಒಂದೊಂದನ್ನೇ ಬೆರಳ ತುದಿಯಲ್ಲಿ ಆಚೆ ತಳ್ಳುತ್ತಿದ್ದರು. ಮಾತಾಡುತ್ತಿದ್ದರೂ ಬೆರಳು ತಪ್ಪುತ್ತಿರಲಿಲ್ಲ. ಎ ಗ್ರೇಡ್, ಪಿಬಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಅಂತ ಚೀಲದ ಮೇಲೆ ಬರೆಯುತ್ತಾರಲ್ಲ, ಆ ಅಕ್ಷರಕ್ಕೆ ಬೆಲೆ ತಂದವರಲ್ಲಿ ಅವರೂ ಇದ್ದಾರೆ. ಅವರ ಕೂಲಿ ದೇಶದ ಉತ್ಪಾದನೆಯ ಭಾಗ ಅನ್ನುವುದು ಈ ಲೆಕ್ಕದಲ್ಲಿ ನನಗೆ ಬಹಳ ಸರಿ ಕಂಡ ಸಂಗತಿ.

ಕಷ್ಟವಾಗುತ್ತಿದ್ದದ್ದು ಮಾರ್ಚ್ 31. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತು, ಗೋಡೌನ್ ಸೂರಿನವರೆಗೂ ಮೂಟೆ. ಉತ್ಪಾದನೆ ಅಂದರೆ ಮಾರಿದ್ದು ಮಾತ್ರ ಅಲ್ಲ, ಮಾಡಿ ಇಟ್ಟದ್ದೂ ಸೇರಬೇಕು. ಹಾಗಾಗಿ ಮೂಟೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಿದ್ದೆವು. ಹಲ್ಲಿಂಗ್, ಅಂದರೆ ಸಿಪ್ಪೆ ಬಿಡಿಸುವುದು ಆಗಿ ಗ್ರೇಡ್ ಆದದ್ದು ಈ ವರ್ಷದ ಉತ್ಪಾದನೆ. ಇನ್ನೂ ಚೆರ್ರಿಯಾಗಿ (ಇಡಿಯಾಗಿ ಒಣಗಿಸಿದ ಹಣ್ಣು), ಪಾರ್ಚ್‌ಮೆಂಟ್ ಆಗಿ ಇರುವುದು ಬರೀ ಕಚ್ಚಾಮಾಲು. ಗೋಡೌನಿನಲ್ಲಿ ಕೂತಲ್ಲೇ ರೇಟು ಏರಿ ಬಂದ ಲಾಭವನ್ನೂ ಉತ್ಪಾದನೆ ಅನ್ನುವಂತಿಲ್ಲ. ಯಾರೂ ಏನೂ ಮಾಡಿಲ್ಲವಲ್ಲ.

ಈಗ ನೀವು ಕೇಳಿದ ರೇಟಿನ ಮಾತು. ನಿಜವಾದ ಬೆಳವಣಿಗೆ ತಿಳಿಯಲು ಬೆಲೆ ಏರಿಕೆಯನ್ನು ತೆಗೆದು, ಒಂದು ಮೂಲ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕುತ್ತಾರೆ. 2015ರಲ್ಲಿ ಬಂದ ಸರಣಿಗೆ ಮೂಲ ವರ್ಷ 2011-12. ಆ ಸರಣಿಯಲ್ಲಿ ಒಂದು ತೊಡಕಿತ್ತು. ಕಾಫಿಪುಡಿ ಕಾರ್ಖಾನೆಯ ಉದಾಹರಣೆ ನೋಡಿ. ಬೀಜದ ಬೆಲೆ ಬಿತ್ತು, ಪುಡಿಯ ಬೆಲೆ ಹಾಗೇ ನಿಂತಿತು. ಮಧ್ಯದ ಅಂತರ ಜಾಸ್ತಿಯಾಯಿತು. ಒಂದು ಕೆಜಿಯೂ ಹೆಚ್ಚು ಪುಡಿ ಮಾಡದೆ ಉತ್ಪಾದನೆ ಬೆಳೆದ ಹಾಗೆ ಕಾಣುತ್ತದೆ. ಯಾಕೆಂದರೆ ಮೌಲ್ಯವರ್ಧನೆಯನ್ನು ಒಂದೇ ಬೆಲೆ ಸೂಚ್ಯಂಕದಿಂದ ಭಾಗಿಸುತ್ತಿದ್ದರು. 2014ರ ನಂತರ ಕಚ್ಚಾ ತೈಲ ಅಗ್ಗವಾದಾಗ ಅರ್ಥಶಾಸ್ತ್ರಜ್ಞರು ಎತ್ತಿದ ಆಕ್ಷೇಪವೂ ಇದೇ. ಮಾಲಿನ ಬೆಲೆ, ಕಚ್ಚಾಮಾಲಿನ ಬೆಲೆ ಎರಡನ್ನೂ ಬೇರೆ ಬೇರೆ ಸರಿಪಡಿಸಿ ಆಮೇಲೆ ಕಳೆಯುವುದೇ ಸರಿಯಾದ ದಾರಿ. ಪ್ರತಿ ತಿಂಗಳು ಪತ್ರಿಕೆಯಲ್ಲಿ ಬರುವ ಕೈಗಾರಿಕಾ ಉತ್ಪಾದನಾ ಸೂಚ್ಯಂಕ ಬೇರೆ ಬಗೆಯದು. ಅದು ನೋಡುವುದು ಪ್ರಮಾಣವನ್ನು, ಎಷ್ಟು ಬೆಲೆ ಸೇರಿಸಿದಿರಿ ಅನ್ನುವುದನ್ನಲ್ಲ.

ಪ್ರಶ್ನೆ: ಹಾಸನದಲ್ಲಿ ನನ್ನದು ಪುಟ್ಟ ಕಾಫಿಪುಡಿ ಅಂಗಡಿ. ಹುರಿಯುವುದು, ಪುಡಿ ಮಾಡುವುದು ಎಲ್ಲ ನಾಲ್ಕೇ ಜನ. ಸರ್ವೆಯವರು ಬಂದು ಆದಾಯ ಖರ್ಚು ಕೇಳಿದರು. ಹೇಳಿದರೆ ತೆರಿಗೆಯವರಿಗೆ ಹೋಗುತ್ತದಾ ಅಂತ ಭಯ.
– ಹಾಸನದ ಓದುಗರು

ಉತ್ತರ: ಭಯ ಬೇಡ, ಧೈರ್ಯವಾಗಿ ಹೇಳಿ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಮುಖ್ಯವಾಗಿ ನೋಡುತ್ತ ಬಂದದ್ದು 1948ರ ಕಾರ್ಖಾನೆ ಕಾಯ್ದೆಯಡಿ ನೋಂದಾಯಿತ ಕಾರ್ಖಾನೆಗಳನ್ನು. ಆ ಕಾಯ್ದೆಯಲ್ಲಿ ವಿದ್ಯುತ್ ಬಳಸಿದರೆ 10 ಜನ, ಇಲ್ಲದಿದ್ದರೆ 20 ಜನ ಕೆಲಸಗಾರರಿರಬೇಕಿತ್ತು. ನಿಮ್ಮಂಥವರು ಅದರಲ್ಲಿ ಬರುವುದೇ ಇಲ್ಲ. ನಿಮ್ಮನ್ನು ಎಣಿಸಲು ಅಸಂಘಟಿತ ಉದ್ದಿಮೆಗಳ ಬೇರೆ ಸಮೀಕ್ಷೆಯಿದೆ. ಮೊದಲು ಅದು ಐದಾರು ವರ್ಷಕ್ಕೊಮ್ಮೆ ನಡೆಯುತ್ತಿತ್ತು, ನಡುವಿನ ವರ್ಷಗಳಿಗೆ ಅಂದಾಜೇ ಗತಿಯಾಗಿತ್ತು. ಈಗ ಪ್ರತಿ ವರ್ಷ ನಡೆಯುತ್ತದೆ. ನೀವು ಬಾಗಿಲು ಹಾಕಿಕೊಂಡರೆ ನಿಮ್ಮಂಥ ಅಂಗಡಿಗಳ ದುಡಿಮೆ ಮತ್ತೆ ಯಾರದೋ ಊಹೆಗೆ ಬೀಳುತ್ತದೆ. ಕೊಟ್ಟ ಮಾಹಿತಿಯನ್ನು ಅಂಕಿಅಂಶಕ್ಕೆ ಮಾತ್ರ ಬಳಸಬೇಕು, ನಿಮ್ಮ ಗುರುತು ಹೊರಗೆ ಬರಬಾರದು ಅಂತ 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆ ಹೇಳುತ್ತದೆ. ಬಂದವರ ಗುರುತಿನ ಚೀಟಿ ನೋಡಿ ಒಳಗೆ ಕರೆಯಿರಿ. ಕರೆಂಟ್ ಬಿಲ್ಲು, ಬೀಜ ಮತ್ತು ಚಿಕೋರಿ ಕೊಂಡ ಚೀಟಿ, ಸಂಬಳದ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ. ಮನೆಯವರು ಸಂಬಳವಿಲ್ಲದೆ ಕೈ ಜೋಡಿಸುತ್ತಿದ್ದರೆ ಅವರನ್ನೂ ಕೆಲಸಗಾರರ ಸಂಖ್ಯೆಯಲ್ಲಿ ಬರೆಸಿ.