ಫೋಟೋ ನೋಡಿ ಡೂಪ್ಲಿಕೇಟ್ ಕೀ ಮಾಡಬಹುದಾ? ಮಾಡಬಹುದು

ಮೇಡಂ, ಹೊಸ ಮನೆ ಬಾಗಿಲಲ್ಲಿ ಕೀ ಹಿಡಿದು ನಿಂತ ಫೋಟೋ ಹಾಕಿದ್ದೀರಿ. ಇದನ್ನು ನೋಡಿ ಯಾರಾದರೂ ಕೀ ಮಾಡಿಸಬಹುದು ಅಂತ ನಿಮ್ಮ ತಮ್ಮ ಹೇಳಿದ್ದು ನಿಜವಾ ಅಂತಲೂ ಕೇಳಿದ್ದೀರಿ. ನಿಜ. ಮೊದಲು ಫೋಟೋ ತೆಗೆದುಹಾಕಿ, ಆಮೇಲೆ ಮುಂದೆ ಓದಿ.

ಕೀ ಹಲ್ಲುಗಳನ್ನು ಸುಮ್ನೆ ಹೇಗೆ ಬೇಕೋ ಹಾಗೆ ಕೊರೆದಿರುವುದಿಲ್ಲ. ಎಷ್ಟು ದೂರಕ್ಕೊಂದು ಕಚ್ಚು, ಎಷ್ಟೆಷ್ಟು ಆಳ ಅಂತ ಕಂಪನಿ ಮೊದಲೇ ಗೊತ್ತುಮಾಡಿರುತ್ತದೆ. ಅಮೆರಿಕದ ಶ್ಲೇಜ್ ಕಂಪನಿಯ ಸಾಮಾನ್ಯ ಕೀಯನ್ನೇ ನೋಡಿ. 5 ಕಚ್ಚು, ಒಂದೊಂದಕ್ಕೂ 0ಯಿಂದ 9ರವರೆಗೆ ಆಳ. ಹಾಗಾಗಿ ಆ ಕೀ ಎಟಿಎಂ ಪಿನ್ ಇದ್ದ ಹಾಗೆ, ಬರೀ ಐದು ಅಂಕಿ. ಒಂದು ಆಳಕ್ಕೂ ಮುಂದಿನದಕ್ಕೂ ಸುಮಾರು 0.38 ಮಿ.ಮೀ. ವ್ಯತ್ಯಾಸ. ಫೋಟೋದಲ್ಲಿ ಅಷ್ಟು ತಿಳಿದರೆ ಸಾಕು. ಅಳತೆ ಕೊಂಚ ಆಚೀಚೆ ಆದರೂ ಹತ್ತಿರದ ಅಂಕಿ ಹಿಡಿಯಬಹುದು. ಕೀ ಓರೆಯಾಗಿದ್ದರೆ ಸಾಫ್ಟ್‌ವೇರ್ ನೇರ ಮಾಡುತ್ತದೆ.

2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನವರು ಇದನ್ನು ಮಾಡಿ ತೋರಿಸಿದರು. ಕೀ ಇದ್ದದ್ದು ಕೆಫೆಯ ಟೇಬಲ್ ಮೇಲೆ. ಕ್ಯಾಮೆರಾ ಇದ್ದದ್ದು ಕಟ್ಟಡದ ತಾರಸಿಯಲ್ಲಿ, 195 ಅಡಿ ದೂರ! ಆಗ ಟೆಲಿಸ್ಕೋಪ್ ಜೋಡಿಸಬೇಕಾಗಿತ್ತು. ಈಗ ಹಕ್ಕಿ ಫೋಟೋಗೆ ಅಂತ ನಾವು ಹೊತ್ತು ತಿರುಗುವ ನಿಕಾನ್ ಪಿ1000ರಲ್ಲೇ 125 ಪಟ್ಟು ಝೂಮ್ ಇದೆ. ಹತ್ತಿರದಿಂದಾದರೆ ಮೊಬೈಲೇ ಸಾಕು.

ಸೂಟ್‌ಕೇಸ್ ಬೀಗದ ಮೇಲೆ ಕೆಂಪು ವಜ್ರಾಕಾರದ ಗುರುತು ನೋಡಿರುತ್ತೀರಿ. ಅಮೆರಿಕದ ವಿಮಾನ ನಿಲ್ದಾಣದ ತಪಾಸಣೆಯವರು ತಮ್ಮ ಮಾಸ್ಟರ್ ಕೀಯಿಂದ ಅದನ್ನು ತೆರೆಯಬಹುದು. ಆ ಮಾಸ್ಟರ್ ಕೀಗಳ ಫೋಟೋ 2014ರಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬಂತು. 2015ರಲ್ಲಿ ಅವುಗಳ 3ಡಿ ಪ್ರಿಂಟ್ ಫೈಲ್‌ಗಳು ಇಂಟರ್ನೆಟ್‌ನಲ್ಲಿದ್ದವು. ಯಾರೂ ಕೀ ಕದಿಯಲಿಲ್ಲ, ಮುಟ್ಟಲೂ ಇಲ್ಲ.

ಹಾಗಂತ ದಾರಿಹೋಕ ಕಳ್ಳ ಇಷ್ಟೆಲ್ಲ ಕಷ್ಟಪಡುವುದಿಲ್ಲ, ಚಿಲಕ ಮೀಟುತ್ತಾನೆ. ನನಗೆ ಭಯ ಇರುವುದು ಮನೆ ಎಲ್ಲಿದೆ, ಯಾವಾಗ ಖಾಲಿ ಇರುತ್ತದೆ ಅಂತ ಗೊತ್ತಿರುವವರ ಬಗ್ಗೆ. ಅಂಥವರ ಕೈಗೆ ಕೀ ಸಿಕ್ಕರೆ ಬಾಗಿಲು ಒಡೆದ ಗುರುತೂ ಇರುವುದಿಲ್ಲ. ಗೃಹಪ್ರವೇಶದ ಫೋಟೋದಲ್ಲಿ ಬಡಾವಣೆ, ಬಾಗಿಲು, ಕೀ ಮೂರೂ ಒಟ್ಟಿಗೆ ಸಿಗುತ್ತವೆ, ಅಲ್ವಾ?

ಮೇಲೆ ಗುಳಿ ಇರುವ ಡಿಂಪಲ್ ಕೀಗಳ ಆಳವನ್ನು ಒಂದೇ ಫೋಟೋದಲ್ಲಿ ಅಳೆಯುವುದು ಕಷ್ಟ. ಆದರೆ ಅದನ್ನೇ ನಂಬಿ ಕೀ ತೋರಿಸಬೇಡಿ. ಫೋಟೋ ಬೇಕೇ ಬೇಕು ಅಂದರೆ ಹಲ್ಲುಗಳನ್ನು ಅಂಗೈಯೊಳಗೆ ಮುಚ್ಚಿ ಹಿಡಿಯಿರಿ. ಬ್ಲರ್ ಮಾಡುವುದಕ್ಕಿಂತ ಕ್ರಾಪ್ ಮಾಡುವುದು ಒಳ್ಳೆಯದು. ಹೋಟೆಲ್ ಟೇಬಲ್ ಮೇಲೆ ಕೀ ಗೊಂಚಲು ಹರಡಿಡುವುದು, ಸೊಂಟಕ್ಕೆ ನೇತುಹಾಕಿಕೊಳ್ಳುವುದು ಬೇಡ.

ನಿಮ್ಮ ಫೋಟೋ ಆಗಲೇ ಎಷ್ಟು ಜನರ ಮೊಬೈಲ್ ಸೇರಿದೆಯೋ ಗೊತ್ತಾಗುವುದಿಲ್ಲ. ಆದ್ದರಿಂದ ಸಿಲಿಂಡರ್, ಅಂದರೆ ಲಾಕ್‌ನಲ್ಲಿ ಕೀ ತೂರಿಸುವ ಭಾಗ, ಬದಲಾಯಿಸಿಬಿಡಿ. ಇಡೀ ಲಾಕ್ ತೆಗೆಯಬೇಕಿಲ್ಲ. ನಿಮ್ಮಲ್ಲಿರುವಂಥ ಹಿಡಿಕೆ ಲಾಕ್‌ಗಳಲ್ಲಿ ಸಾಮಾನ್ಯವಾಗಿ ಬಾಗಿಲಿನ ಅಂಚಿನಲ್ಲಿ ಸಿಲಿಂಡರ್ ಎದುರಿಗೆ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೀ ಹಾಕಿ ಸ್ವಲ್ಪ ತಿರುಗಿಸಿ ಎಳೆದರೆ ಸಿಲಿಂಡರ್ ಹೊರಗೆ ಬರುತ್ತದೆ. ಅದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಉದ್ದದ್ದು ಕೇಳಿ.